ಬ್ರೇಕ್ ಮೇಷ್ಟ್ರ ತಡಿಕೆ

ಬ್ರೇಕ್ ಮೇಷ್ಟ್ರಿಗೆ ಆ ಹೆಸರು ತಂದುಕೊಟ್ಟದ್ದು ಅವರ ಬಲಗಾಲು. ಅವರ ಡ್ರೈವಿಂಗ್ ಸ್ಕೂಲಿನ ಹಳೆಯ ಬಿಳಿ ಕಾರಿನಲ್ಲಿ ಕಲಿಯುವವರಿಗೆ ಒಂದು ಬ್ರೇಕ್, ಪಕ್ಕದಲ್ಲಿ ಕೂರುವ ಮೇಷ್ಟ್ರಿಗೆ ಇನ್ನೊಂದು. ಕಲಿಯುವವರು ಎಡವಟ್ಟು ಮಾಡಿದರೆ ಗಾಡಿ ನಿಲ್ಲಲಿ ಅಂತ ಇಟ್ಟದ್ದು ಅದು. ಮೇಷ್ಟ್ರು ಅದನ್ನು ಎಡವಟ್ಟಿಗೆ ಮುಂಚೆಯೇ ತುಳಿಯುತ್ತಿದ್ದರು. ನಾಯಿ ಅಡ್ಡ ಬಂದರೂ ತುಳಿತ, ನಾಯಿ ಅಡ್ಡ ಬರುವ ಯೋಚನೆಯಲ್ಲಿದೆ ಅನ್ನಿಸಿದರೂ ತುಳಿತ. ಕಾರು ಗಕ್ಕನೆ ನಿಂತು, ಕಲಿಯುವವರ ಜೀವ ಬಾಯಿಗೆ ಬಂದ ಮೇಲೆ ಬೈಗುಳ ಶುರು. ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಆ ಬೈಗುಳ ತಿಂದವರೇ. ಅವರಲ್ಲೊಬ್ಬ ಹಲ್ಲಿನ ಡಾಕ್ಟರು. ಮೇಷ್ಟ್ರು ದವಡೆ ನೋವೆಂದು ಹೋದಾಗಲೆಲ್ಲ ಅವನು ಅವರ ಬಾಯನ್ನು ಅಗಲವಾಗಿ ತೆರೆಸಿಟ್ಟು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಆ ಮೌನವನ್ನು ಅನುಭವಿಸುತ್ತಿದ್ದ.

ಇಂಥ ಮೇಷ್ಟ್ರಿಗೆ ಸೈಕಲ್ ಬರುತ್ತಿರಲಿಲ್ಲ.

ಕಾರಣ ಸುಲಭ. ಅಪ್ಪ ಲಾರಿ ಡ್ರೈವರು. ಹುಡುಗ ಬೆಳೆದದ್ದೇ ಲಾರಿಯ ಕ್ಯಾಬಿನ್ನಿನಲ್ಲಿ. ಓರಗೆಯವರು ಬಾಡಿಗೆ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಳ್ಳುತ್ತಿದ್ದಾಗ ಇವರು ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದಿದ್ದರು. ನಾಲ್ಕು ಚಕ್ರಕ್ಕಿಂತ ಕಡಿಮೆ ಇರುವುದನ್ನು ಅವರು ಆಮೇಲೆ ಗಾಡಿ ಅಂತ ಒಪ್ಪಲೇ ಇಲ್ಲ. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಯೊಬ್ಬರಿಗೆ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರವರ ಗುಟ್ಟನ್ನೆಲ್ಲ ಕಿವಿಯಲ್ಲಿ ಕೇಳಿ ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸ ಇದ್ದವರಿಗೆ ಗಂಡನ ಒಂದು ಗುಟ್ಟು ಭಾರವೇನಲ್ಲ.

ಕೆಟ್ಟದ್ದು ಮೊಮ್ಮಗಳ ಫೋನಿನಿಂದ. ಬೇರೆ ಊರಿನಲ್ಲಿರುವ ಆ ಮಗುವಿಗೆ ಸೈಕಲ್ಲೊಂದು ಬಂದಿತ್ತು, ಹಿಂದೆ ಎರಡು ಪುಟ್ಟ ಚಕ್ರ ಕಟ್ಟಿದ್ದು. ಆ ಪುಟ್ಟ ಚಕ್ರ ಬಿಚ್ಚುತ್ತೇವೆ ಅಂದರೆ ಮನೆ ಹಾರಿಹೋಗುವಂತೆ ಅಳು. ಸಮಾಧಾನ ಮಾಡಲೆಂದು ಫೋನ್ ಹಿಡಿದ ಮೇಷ್ಟ್ರು, ಸುಮ್ಮನೆ ಹೆದರಬೇಡ ಎಂದಿದ್ದರೆ ಸಾಕಿತ್ತು. ಬಾಯಿ ಕೇಳಬೇಕಲ್ಲ. ತಾವು ಚಿಕ್ಕಂದಿನಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಓಡಿಸುತ್ತಿದ್ದದ್ದಾಗಿಯೂ, ಜನ ರಸ್ತೆ ಬದಿ ನಿಂತು ನೋಡುತ್ತಿದ್ದದ್ದಾಗಿಯೂ ಕೊರೆದರು. ಆ ಕಡೆ ಅಳು ನಿಂತಿತು. ಹಾಗಾದರೆ ರಜಕ್ಕೆ ಬಂದಾಗ ತಾತನೇ ಕಲಿಸಬೇಕು, ಅಪ್ಪನೂ ಬೇಡ ಅಮ್ಮನೂ ಬೇಡ, ತಾತ ಮೊದಲು ಓಡಿಸಿ ತೋರಿಸಬೇಕು ಎಂದು ಮಗು ತೀರ್ಮಾನ ಕೊಟ್ಟು ಫೋನ್ ಇಟ್ಟಿತು.

ಹೆಂಡತಿ ಅಡುಗೆಮನೆಯಿಂದಲೇ ಕೇಳಿದರು: "ರೀ, ಯಾವ ರಸ್ತೆ ಅದು? ಜನ ನಿಂತು ನೋಡ್ತಿದ್ದದ್ದು?"

ಮೇಷ್ಟ್ರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಆ ಮಗು ಜಗತ್ತಿನಲ್ಲಿ ಅವರನ್ನು ಪ್ರಶ್ನೆಯಿಲ್ಲದೆ ನಂಬುತ್ತಿದ್ದ ಏಕೈಕ ಜೀವ. ಅದರ ಕಣ್ಣಿನಲ್ಲಿ ಸುಳ್ಳುಗಾರನಾಗುವುದು ಅವರಿಂದ ಆಗದ ಮಾತು. ರಜಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಕಲಿಯದೆ ಗತಿಯಿಲ್ಲ.

ಹೆಂಡತಿಯ ತಂಗಿಯ ಮನೆಯಲ್ಲಿ ಹಳೆ ಬಕೀಟುಗಳ ಹಿಂದೆ ಬಿದ್ದಿದ್ದ ಒಂದು ಲೇಡೀಸ್ ಸೈಕಲ್ಲು ರಾತ್ರೋರಾತ್ರಿ ಅಲ್ಲದಿದ್ದರೂ ಕತ್ತಲಾದ ಮೇಲೆ, ಕಂಬಳಿ ಹೊದ್ದುಕೊಂಡು ಮನೆಗೆ ಬಂತು. ಎಲ್ಲಿ ಕಲಿಯುವುದು ಎನ್ನುವುದು ಮುಂದಿನ ಪ್ರಶ್ನೆ. ರಸ್ತೆಯ ಮಾತೇ ಇಲ್ಲ, ರಸ್ತೆ ತುಂಬ ಅವರಿಂದ ಬೈಸಿಕೊಂಡ ಶಿಷ್ಯರು. ಮೈದಾನದಲ್ಲೂ ಅವರೇ. ಉಳಿದದ್ದು ಹಿತ್ತಿಲು. ಉದ್ದವಾಗಿ, ಸಮತಟ್ಟಾಗಿ ಇತ್ತು, ಒಂದು ಕಡೆ ಹೆಂಡತಿಯ ತರಕಾರಿ ಮಡಿ, ಮೂಲೆಯಲ್ಲಿ ಬಿದಿರು ಮೆಳೆ. ಆದರೆ ಇನ್ನೊಂದು ಕಡೆ ಪಕ್ಕದ ಮನೆಯ ಹೊಲಿಗೆಯಮ್ಮನ ಹಿತ್ತಿಲು. ನಡುವೆ ಇದ್ದದ್ದು ಒಂದು ಸಾಲು ಕಲ್ಲು ಮಾತ್ರ. ಆಕೆಯ ಜಾಗ ಒಂದೆರಡು ಮೆಟ್ಟಿಲಿನಷ್ಟು ತಗ್ಗಿನಲ್ಲಿತ್ತು, ಹಿಂದಿನ ಜಗಲಿಯ ಮೇಲೆ ಹೊಲಿಗೆ ಮಿಷನ್ನು ಹಾಕಿಕೊಂಡು ದಿನವಿಡೀ ಅಲ್ಲೇ ಕೂರುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಹೇಗೋ ಆಗುತ್ತಿತ್ತು. ಹೊಲಿಗೆಯಮ್ಮ ಮಾತ್ರ ಆಗಬಾರದಿತ್ತು.

ಬಹಳ ವರ್ಷಗಳ ಹಿಂದೆ ಆಕೆ ಕಾರು ಕಲಿಯಲು ಬಂದಿದ್ದಳು. ಶಾಲೆಗಳಿಗೆ ಯೂನಿಫಾರಂ ಹೊಲಿದು ಕೊಡುವ ಕೆಲಸ, ಗಂಟುಗಳನ್ನು ತಾನೇ ಸಾಗಿಸುವ ಆಸೆ. ಆಕೆಯ ತೊಂದರೆ ಒಂದೇ, ಕಣ್ಣು ಸದಾ ಕೆಳಗೆ. ಇರುವ ಎರಡು ಕಾಲಿಗೆ ಮೂರು ಪೆಡಲ್ ಯಾಕೆ ಎನ್ನುವುದು ಆಕೆಗೆ ಒಪ್ಪಿಗೆಯಾಗದೆ, ಯಾವ ಕಾಲು ಎಲ್ಲಿದೆ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಮೇಷ್ಟ್ರು ಕಾಲು ನೋಡಬೇಡಿ, ಮುಂದೆ ನೋಡಿ ಎಂದು ಕಿರುಚುತ್ತಿದ್ದರು, ಬ್ರೇಕ್ ತುಳಿಯುತ್ತಿದ್ದರು. ಒಂದು ದಿನ ದೊಡ್ಡ ಸರ್ಕಲ್ಲಿನ ನಟ್ಟನಡುವೆ ಕಾರು ಆಫಾಗಿ, ಹಿಂದಿನ ಬಸ್ಸುಗಳೆಲ್ಲ ಹಾರನ್ ಒತ್ತುತ್ತಿದ್ದಾಗ, ಮೇಷ್ಟ್ರು ಕಿಟಕಿ ಇಳಿಸಿಕೊಂಡೇ ಹೇಳಿದ್ದರು: "ನಿಮ್ಮಿಂದ ಇದು ಆಗೋದಲ್ಲಮ್ಮ. ನಿಮ್ಮ ಕಾಲು ಮಿಷನ್ನಿಗೇ ಲಾಯಕ್ಕು." ಆಕೆ ಬಾಗಿಲು ತೆಗೆದು ಇಳಿದಳು, ಬಸ್ಸುಗಳ ನಡುವೆ ನಡೆದುಕೊಂಡು ಮನೆಗೆ ಹೋದಳು. ಅಂದಿನಿಂದ ಇಂದಿನವರೆಗೆ ಮಡಿಲಲ್ಲಿ ಗಂಟಿಟ್ಟುಕೊಂಡು ಬಸ್ಸಿನಲ್ಲೇ ಓಡಾಟ. ಸ್ಟಾಪಿನಲ್ಲಿ ಆಕೆ ಕಂಡರೆ ಮೇಷ್ಟ್ರು ಕನ್ನಡಿ ಸರಿಮಾಡುವ ನೆಪದಲ್ಲಿ ಬೇರೆ ಕಡೆ ನೋಡುತ್ತಿದ್ದರು. ಅಂಥ ಆಕೆಯ ಕಣ್ಣ ಮುಂದೆ ಈ ವಯಸ್ಸಿನಲ್ಲಿ ಸೈಕಲ್ಲಿನಿಂದ ಬೀಳುವುದಕ್ಕಿಂತ ಊರು ಬಿಡುವುದು ಮೇಲು ಅನ್ನಿಸಿತು ಅವರಿಗೆ.

ಮರೆ ಬೇಕು. ತಗಡು ಹೊಡೆಸುತ್ತೇನೆ ಅಂದರು. ಇದ್ದಕ್ಕಿದ್ದಂತೆ ತಗಡು ಎದ್ದರೆ ಊರೆಲ್ಲ ಬಂದು ಇಣುಕುತ್ತದೆ, ಅಲ್ಲದೆ ನನ್ನ ಬದನೆ ಗಿಡ ಬಿಸಿಗೆ ಬೆಂದುಹೋಗುತ್ತದೆ ಎಂದು ಹೆಂಡತಿ ಬ್ರೇಕ್ ಹಾಕಿದರು. ಹಿತ್ತಿಲಿನಲ್ಲೇ ಬೇಕಾದ್ದೆಲ್ಲ ಬಿದ್ದಿತ್ತು. ಬಿದಿರು ಮೆಳೆ ಹೇಗೂ ಸವರಬೇಕಿತ್ತು. ಬಾವಿಕಟ್ಟೆ ಪಕ್ಕದ ಹಿಪ್ಪುನೇರಳೆ ಮರ ಸಿಕ್ಕಸಿಕ್ಕಲ್ಲಿ ಉದ್ದುದ್ದ ಬರಲು, ಎಂದರೆ ತೆಳ್ಳನೆ ರೆಂಬೆ, ಚಾಚಿತ್ತು, ಅದರ ಹಸಿ ಬರಲು ಬಳ್ಳಿಯಂತೆ ಬಾಗುತ್ತದೆ. ಕತ್ತರಿಸಿ ಒಟ್ಟಿದ್ದ ದಾಸವಾಳದ ಕಡ್ಡಿ ಇತ್ತು, ಕಟ್ಟುವುದಕ್ಕೆ ಬಾಳೆನಾರು ಇತ್ತು. ತಡಿಕೆ ಹೆಣೆಯೋಣ, ಕೇಳಿದವರಿಗೆ ಸಸಿಗಳಿಗೆ ಗಾಳಿ ತಡೆ ಅಂದರಾಯಿತು ಎಂದರು ಆಕೆ.

ಮೇಷ್ಟ್ರು ಸೊಂಟ ಕಟ್ಟಿ ನಿಂತರು. ಕಲ್ಲಿನ ಸಾಲಿನುದ್ದಕ್ಕೂ ಬಿದಿರು ಗೂಟ ನೆಟ್ಟರು. ಹಿಪ್ಪುನೇರಳೆ ಬರಲನ್ನು ಒಂದು ಗೂಟದ ಹಿಂದೆ, ಮುಂದಿನ ಗೂಟದ ಮುಂದೆ ತೂರಿಸುತ್ತ ಹೋದರು, ಮೇಲಿನ ಸಾಲಿನಲ್ಲಿ ಅದರ ಉಲ್ಟಾ. ಕೆಲಸ ಹಿಡಿಸಿತು. ಟ್ರಾಫಿಕ್ಕಿನಲ್ಲಿ ನುಗ್ಗಿದ ಹಾಗೆಯೇ ಇದೆ ಎಂದು ಬೀಗಿದರು. ಸಂಜೆಗೆ ದೂರ ನಿಂತು ನೋಡಿದರೆ ತಡಿಕೆ ಎಡಕ್ಕೆ ವಾಲಿತ್ತು. ಗೂಟ ಅಲುಗಾಡಿಸಿದರು, ಒದ್ದರು, ಬಿದಿರಿಗೆ ಬೈದರು. ಹೆಂಡತಿ ಬಂದು ನೋಡಿ, ಎಲ್ಲ ಬರಲಿನ ದಪ್ಪ ಬುಡವನ್ನೂ ಒಂದೇ ಕಡೆಗೆ ಇಟ್ಟಿದ್ದೀರಿ, ಒಂದು ಸಾಲಿಗೆ ಈ ಕಡೆ, ಮುಂದಿನದಕ್ಕೆ ಆ ಕಡೆ ಇಡಬೇಕು ಎಂದರು. "ನಿಮ್ಮ ಕಾರಿನ ಹಾಗೆ ಇದಕ್ಕೂ ಅಲೈನ್‌ಮೆಂಟ್ ಬೇಕಲ್ವಾ?" ಎಂದೂ ಸೇರಿಸಿದರು. ಮೇಷ್ಟ್ರು ಎಲ್ಲವನ್ನೂ ಬಿಚ್ಚಿ ಮತ್ತೆ ಹೆಣೆದರು. ಬಾಯಿ ಮಾತ್ರ ಬಿಚ್ಚಲಿಲ್ಲ.

ಎರಡನೇ ಸಲ ತಡಿಕೆ ನಿಜಕ್ಕೂ ಚೆನ್ನಾಗಿ ಬಂತು. ಆಳೆತ್ತರ, ಒತ್ತಾದ ಹೆಣಿಗೆ, ಹಸಿ ತೊಗಟೆಯ ವಾಸನೆ. ತೂತು ಕಂಡಲ್ಲೆಲ್ಲ ದಾಸವಾಳದ ಕಡ್ಡಿ ತುರುಕಿದ್ದರು. ಗೆದ್ದಲು ಹತ್ತದಿರಲಿ ಎಂದು ಬುಡದಲ್ಲಿ ಮಾತ್ರ ನೆಲದಿಂದ ಒಂದೂವರೆ ಗೇಣು ಬಿಟ್ಟಿದ್ದರು. ಇನ್ನು ಪರೀಕ್ಷೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಿತ್ತಿಲ ನಡುವೆ ಹಾಕಿಕೊಂಡು, ಕಾರಿನಲ್ಲಿ ಕೂತಂತೆ ನೆಟ್ಟಗೆ ಕೂತು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕತ್ತು ತಿರುಗಿಸಿ ಹಿಂದೆ ನೋಡಿದರು. ಹೊಲಿಗೆಯಮ್ಮ ಎಲ್ಲಿಯೂ ಕಾಣಲಿಲ್ಲ. ತನಗೆ ಅವಳು ಕಾಣದಿದ್ದರೆ ಅವಳಿಗೂ ತಾನು ಕಾಣುವುದಿಲ್ಲ ಎಂದು ತೃಪ್ತಿಯಿಂದ ಎದ್ದರು. ನಿಮಗೆ ಕಾಣದಿದ್ದ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲ ಅಂದುಕೊಳ್ಳಬೇಡಿ ಎಂದು ಪ್ರತಿ ಶಿಷ್ಯನಿಗೂ ಮೊದಲ ದಿನವೇ ಗಂಟಲು ಹರಿದುಕೊಂಡು ಹೇಳಿಕೊಡುತ್ತಿದ್ದ ಮನುಷ್ಯ ಇವರೇ ಎಂಬುದನ್ನು ಇಲ್ಲಿ ಜ್ಞಾಪಿಸಬೇಕು.

ಮಾರನೆಯ ಮಧ್ಯಾಹ್ನದಿಂದ ಅಭ್ಯಾಸ. ಹೆಂಡತಿ ಸೀಟು ಹಿಡಿಯುವುದು, ಮೇಷ್ಟ್ರು ಹತ್ತುವುದು, ಸೈಕಲ್ಲು ಒಂದು ಕಡೆ, ಅವರು ಇನ್ನೊಂದು ಕಡೆ. ಬೀಳುವುದರಲ್ಲಿ ಅವರು ಎಷ್ಟು ಬಗೆ ಕಂಡುಹಿಡಿದರೆಂದರೆ, ಕೊನೆಗೆ ಹೆಂಡತಿ ನನ್ನ ಬದನೆ ಮಡಿಯೊಂದನ್ನು ಬಿಟ್ಟು ಎಲ್ಲಿ ಬೇಕಾದರೂ ಬೀಳಿ ಎಂದು ಒಳಗೆ ಹೋಗಿಬಿಟ್ಟರು. ಹೆದರಿಕೆ ಆದಾಗಲೆಲ್ಲ ಮೇಷ್ಟ್ರ ಬಲಗಾಲು ಅಭ್ಯಾಸಬಲದಿಂದ ಕೆಳಗೆ ಬ್ರೇಕ್ ಹುಡುಕುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲ, ಗಾಳಿ. ಕಾಲೆಲ್ಲಿ ಹೋಯಿತೆಂದು ಬಗ್ಗಿ ನೋಡಿದರೆ ಮುಂದಿನ ಚಕ್ರ ತಿರುಗಿ, ಮತ್ತೆ ನೆಲ.

ಒಂದು ವಿಚಿತ್ರ ಇತ್ತು. ಅವರು ಸೈಕಲ್ ಹತ್ತಿದೊಡನೆ ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಲ್ಲುತ್ತಿತ್ತು. ಅವರು ಬಿದ್ದ ಮೇಲೆ, ಸ್ವಲ್ಪ ತಡೆದು, ಮತ್ತೆ ಶುರುವಾಗುತ್ತಿತ್ತು. ದಾರ ಕಿತ್ತುಹೋಗಿರಬೇಕು ಅಂದುಕೊಂಡರು ಮೇಷ್ಟ್ರು. ಎಷ್ಟೊಂದು ಕೆಟ್ಟ ದಾರ ತರುತ್ತಾಳಪ್ಪ ಎಂದು ಮರುಕವನ್ನೂ ಪಟ್ಟರು.

ಹೀಗೆ ದಿನ ಉರುಳಿ, ಮೊಮ್ಮಗಳು ಬರುವ ವಾರ ಬಂತು. ಮೇಷ್ಟ್ರಿಗೆ ಮೈತುಂಬ ತರಚು ಗಾಯ ಬಂದಿತ್ತು, ಸೈಕಲ್ಲು ಬಂದಿರಲಿಲ್ಲ. ಅಂದು ಮಧ್ಯಾಹ್ನ ಹಲ್ಲು ಕಚ್ಚಿ ಹತ್ತಿದರು. ಹೇಗೋ ಉರುಳತೊಡಗಿತು. ಅಭ್ಯಾಸದಂತೆ ಕಣ್ಣು ಕೆಳಗೆ ಹೋಯಿತು. ಆಗ ತಡಿಕೆಯ ಆಚೆಯಿಂದ, ಏರದ ಇಳಿಯದ ದನಿಯಲ್ಲಿ, ಮಾತು ಬಂತು.

"ಕಾಲು ನೋಡ್ಬೇಡಿ. ಮುಂದೆ ನೋಡಿ."

ಮೇಷ್ಟ್ರು ಸಿಕ್ಕಿಬಿದ್ದವರು ಮಾಡುವಂತೆ ಎರಡೂ ಕೈ ಮೇಲೆತ್ತಿದರು. ಸೈಕಲ್ಲು ಆ ಒಂದು ಕ್ಷಣ, ಯಾರೂ ಹಿಡಿಯದಿದ್ದರೂ, ಬಾಣದಂತೆ ನೇರವಾಗಿ ಹೋಯಿತು. ಆಮೇಲೆ ತಡಿಕೆಗೆ ನುಗ್ಗಿತು. ಹೆಣಿಗೆ ಬಿಗಿಯಾಗಿದ್ದದ್ದಕ್ಕೆ ಮುರಿಯಲಿಲ್ಲ, ಬಾಗಿ, ಮೇಷ್ಟ್ರನ್ನು ತೊಟ್ಟಿಲಿನಂತೆ ಹಿಡಿದುಕೊಂಡು, ಮೆಲ್ಲಗೆ ನೆಲಕ್ಕಿಳಿಸಿತು. ಕೆನ್ನೆ ಮಣ್ಣಿಗೆ ತಾಗಿದಾಗ ಅವರ ಕಣ್ಣೆದುರಿಗೆ ಆ ಒಂದೂವರೆ ಗೇಣು ಸಂದು. ಸಂದಿನಾಚೆ, ತಗ್ಗಿನಲ್ಲಿ, ಮಿಷನ್ನಿನ ಹಿಂದೆ, ನೇರವಾಗಿ ಅವರನ್ನೇ ನೋಡುತ್ತ ಹೊಲಿಗೆಯಮ್ಮ.

"ಎಷ್ಟು ದಿನದಿಂದ?" ಎಂದರು ಮೇಷ್ಟ್ರು, ಮಲಗಿದಲ್ಲಿಂದಲೇ.

"ಮೊದಲನೇ ದಿನದಿಂದ. ಬರೀ ಚಕ್ರ, ಕಾಲು ಕಾಣ್ತಿತ್ತು. ಯಾರ ಕಾಲು ಅಂತ ನನಗೆ ಗೊತ್ತಾಗಲ್ವಾ ಮೇಷ್ಟ್ರೇ? ನಿಮ್ಮ ಹತ್ರ ಕಲಿಯೋವಾಗ ನಾನು ನೋಡಿದ್ದು ನನ್ನ ಕಾಲು, ನಿಮ್ಮ ಬ್ರೇಕಿನ ಕಾಲು ಬಿಟ್ರೆ ಇನ್ನೇನು?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇಷ್ಟರಲ್ಲಿ ಇಡೀ ಊರಿಗೆ ಗೊತ್ತಾಗಿರುತ್ತದೆ, ಹಲ್ಲಿನ ಡಾಕ್ಟರಿಗೂ ಗೊತ್ತಾಗಿರುತ್ತದೆ ಎಂದುಕೊಂಡರು. ಯಾರಿಗಾದರೂ ಹೇಳಿದಿರಾ ಎಂದು ಕೇಳಲು ಬಾಯಿ ಬರಲಿಲ್ಲ. ಆಕೆಯೂ ಅದರ ಮಾತೆತ್ತಲಿಲ್ಲ. ಏಳಿ, ಇನ್ನೊಂದು ಸಲ ಹತ್ತಿ ಎಂದಳು.

ಅವರು ಎದ್ದರು, ಹತ್ತಿದರು. ಅಂದಿನಿಂದ ಮೇಷ್ಟ್ರಿಗೆ ಮೇಷ್ಟ್ರಾಗಿ ಹೊಲಿಗೆಯಮ್ಮ ತಡಿಕೆಯ ಆಚೆ ಕೂತಿದ್ದಳು. ಎಲ್ಲ ಅವರದೇ ಪಾಠ, ಅವರದೇ ಮಾತು. ಉಸಿರು ಬಿಡಿ. ಹೆಗಲು ಇಳಿಸಿ. ಎಲ್ಲಿ ನೋಡ್ತೀರೋ ಗಾಡಿ ಅಲ್ಲಿಗೇ ಹೋಗುತ್ತೆ. ಕಿರುಚಾಟ ಮಾತ್ರ ಇರಲಿಲ್ಲ. ತಾವು ಇಷ್ಟು ವರ್ಷ ಹೇಳುತ್ತ ಬಂದದ್ದು ಮೆಲ್ಲಗೆ ಹೇಳಿದರೆ ಇಷ್ಟು ಸಲೀಸಾಗಿ ಒಳಗಿಳಿಯುತ್ತದೆ ಎಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಖುಷಿಯಾಗಲಿಲ್ಲ, ನಾಚಿಕೆಯಾಯಿತು. ಮೊಮ್ಮಗಳು ಬರುವ ಹಿಂದಿನ ದಿನ ಅವರು ಬಾವಿಕಟ್ಟೆಯಿಂದ ಬಿದಿರು ಮೆಳೆಯವರೆಗೆ ಹೋಗಿ, ಬೀಳದೆ ತಿರುಗಿ ಬಂದರು. ತಡಿಕೆಯ ಮುಂದೆ ಕಾಲೂರಿ ನಿಂತು, ಕಡ್ಡಿಗಳಿಗೆ ಹೇಳುವಂತೆ ಹೇಳಿದರು.

"ನಾನು ಅವತ್ತು ಸರ್ಕಲ್ಲಲ್ಲಿ ಹಾಗೆ ಅನ್ನಬಾರದಿತ್ತು."

ಆಚೆ ಕಡೆ ದಾರ ಕತ್ತರಿಸಿದ ಸದ್ದು. ಆಮೇಲೆ, "ಅನ್ನಬಾರದಿತ್ತು," ಎಂದಳು ಆಕೆ. ಮಿಷನ್ನು ಶುರುವಾಯಿತು.

ಮೊಮ್ಮಗಳು ಬಂದಳು. ಬಂದವಳೇ ಬ್ಯಾಗು ಬಿಸಾಕಿ, ತನ್ನ ಪುಟ್ಟ ಸೈಕಲ್ಲನ್ನು ಕಾರಿನಿಂದ ಇಳಿಸಿ ಹಿತ್ತಿಲಿಗೆ ಉರುಳಿಸಿಕೊಂಡು ಹೋದಳು. ಪುಟ್ಟ ಚಕ್ರ ಬಿಚ್ಚಿದ್ದಾಯಿತು. ತಾತ ಮೊದಲು ಓಡಿಸಿ ತೋರಿಸಬೇಕು ಎಂಬ ಕರಾರು ಮಗು ಮರೆತಿರಲಿಲ್ಲ. ಮೇಷ್ಟ್ರು ಹತ್ತಿ, ಮೆಳೆಯವರೆಗೆ ಹೋಗಿ ಬಂದರು, ಕೊಂಚ ಓಲಾಡಿದರೂ ಗೌರವಕ್ಕೆ ಧಕ್ಕೆ ಬರಲಿಲ್ಲ. ಮಗು ಸೊಂಟದ ಮೇಲೆ ಕೈಯಿಟ್ಟು ನೋಡಿತು.

"ಕೈ ಬಿಡಲೇ ಇಲ್ಲ."

ಸದ್ದು ಕೇಳಿ ಕಲ್ಲಿನ ಸಾಲಿನ ತುದಿಗೆ, ತಡಿಕೆ ಮುಗಿಯುವಲ್ಲಿಗೆ, ಹೊಲಿಗೆಯಮ್ಮ ಬಂದು ನಿಂತಿದ್ದಳು. ಮಗು ಆಕೆಯ ಕಡೆ ತಿರುಗಿ, ತಾತ ಎರಡೂ ಕೈ ಬಿಟ್ಟು ಓಡಿಸುತ್ತಾರಂತೆ, ನೀವು ನೋಡಿದ್ದೀರಾ ಆಂಟಿ ಎಂದು ವಿಚಾರಣೆ ಶುರುಮಾಡಿತು. ಹೆಂಡತಿ ಬದನೆ ಮಡಿಯಲ್ಲಿ ಇಲ್ಲದ ಕಳೆ ಕೀಳತೊಡಗಿದರು. ಆಕೆ ಒಂದು ಮಾತು ಹೇಳಿದರೆ ಸಾಕಿತ್ತು, ಸರ್ಕಲ್ಲಿನ ಲೆಕ್ಕ ಬಡ್ಡಿ ಸಮೇತ ಚುಕ್ತಾ ಆಗುತ್ತಿತ್ತು.

ಹೊಲಿಗೆಯಮ್ಮ ಮೇಷ್ಟ್ರನ್ನು ನೋಡಿದಳು. ಆಮೇಲೆ ಮಗುವಿನ ಎತ್ತರಕ್ಕೆ ಕೂತಳು.

"ಕಣ್ಣಾರೆ ನೋಡಿದೀನಿ ಪುಟ್ಟಿ. ಇದೇ ಜಾಗದಲ್ಲಿ. ಎರಡೂ ಕೈ ಬಿಟ್ಟು, ಮೇಲಕ್ಕೆ ಎತ್ತಿಕೊಂಡು ಹೋದ್ರು."

"ಆಮೇಲೆ?"

"ಆಮೇಲಿಂದು ತಾತನ್ನೇ ಕೇಳು."

ಮಗು ತಾತನ ಕಡೆ ತಿರುಗಿತು. ಮೇಷ್ಟ್ರಿಗೆ ಆಗ ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು, ಒಳ್ಳೆಯ ಸುಳ್ಳು. ಆದರೆ ಇಷ್ಟು ದೊಡ್ಡ ಮನಸ್ಸು ಮಾಡಿದವಳು ಎದುರಿಗಿರುವಾಗ ಅದನ್ನು ಹೇಳಲು ಅವರಿಗೆ ಆಗಲಿಲ್ಲ. ಅಂಗಿಯ ತೋಳು ಮಡಚಿ ಮೊಣಕೈಯ ಗಾಯ ತೋರಿಸಿದರು.

"ಆಮೇಲೆ ಬಿದ್ದೆ. ನಾನು ಚಿಕ್ಕವನಿದ್ದಾಗ ಸೈಕಲ್ ಕಲಿತೇ ಇರಲಿಲ್ಲ ಕಂದಾ. ನಿನಗೋಸ್ಕರ ಈಗ ಕಲಿತೆ. ಈ ಆಂಟಿ ಕಲಿಸಿದ್ರು."

ಮಗು ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿತು. ಸುಳ್ಳು ಹೇಳಿದ್ದೀಯ ಎನ್ನುತ್ತದೆ ಎಂದು ಮೇಷ್ಟ್ರು ಕಾಯುತ್ತಿದ್ದರು. ಅದು ಕೇಳಿದ್ದೇ ಬೇರೆ, ತಾತ ಬಿದ್ದಾಗ ಅತ್ತೆಯಾ ಅಂತ. ಸ್ವಲ್ಪ ಅತ್ತೆ ಎಂದರು ತಾತ. ಹಾಗಾದರೆ ತಾನೂ ಬಿದ್ದರೆ ಸ್ವಲ್ಪವೇ ಅಳುವುದಾಗಿ ಒಪ್ಪಿಕೊಂಡು ಮಗು ಸೈಕಲ್ ಹತ್ತಿತು. ಮೇಷ್ಟ್ರು ಸೀಟು ಹಿಡಿದು ಹಿಂದೆ ಓಡಿದರು. ಒಂದು ಸಲವೂ ಕಿರುಚಲಿಲ್ಲ. ಅವರ ಹೆಂಡತಿ ಬದನೆ ಮಡಿಯಿಂದ ಎದ್ದು ನಿಂತು, ಗಂಡನಿಗೆ ಜ್ವರವೇನೋ ಎಂಬಂತೆ ನೋಡಿದರು. ಸಂಜೆಯೊಳಗೆ ಮಗು ಎರಡು ಸಲ ತಡಿಕೆಗೆ ನುಗ್ಗಿತು, ತಡಿಕೆ ಎರಡು ಸಲವೂ ಹಿಡಿದುಕೊಂಡಿತು, ಮೂರನೆಯ ಸಲ ಮಗು ನೇರವಾಗಿ ಹೋಯಿತು.

ಮರುದಿನ ಬೆಳಿಗ್ಗೆ ಹೊಲಿಗೆಯಮ್ಮ ಯೂನಿಫಾರಂ ಗಂಟು ಹೊತ್ತು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಬಿಳಿ ಕಾರು ಬಂದು ನಿಂತಿತು. ಮೇಷ್ಟ್ರು ಈ ಸಲ ಕನ್ನಡಿ ಸರಿಮಾಡಲಿಲ್ಲ. ಇಳಿದು ಬಂದು ಗಂಟನ್ನು ಕಸಿದುಕೊಂಡು ಹಿಂದಿನ ಸೀಟಿಗೆ ಹಾಕಿದರು, ಡ್ರೈವರ್ ಬಾಗಿಲು ತೆಗೆದು ಹಿಡಿದು, ಕೂತ್ಕೊಳ್ಳಿ ಎಂದರು. ಸ್ಟಾಪಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವರಲ್ಲಿ ಬೈಸಿಕೊಂಡವರೇ ಮೂರ್ನಾಲ್ಕು ಜನ. ಹೊಲಿಗೆಯಮ್ಮ ಒಂದು ಗಳಿಗೆ ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು.

ಕಾರು ಸ್ಟಾರ್ಟ್ ಆಯಿತು. ಕೂತ ಕೂಡಲೇ ಆಕೆಯ ಕಣ್ಣು, ಹಳೆಯ ಚಾಳಿಯಂತೆ, ಕೆಳಗೆ ಹೋಯಿತು. ಮೊದಲು ತನ್ನ ಕಾಲಿಗೆ, ಆಮೇಲೆ ಪಕ್ಕಕ್ಕೆ, ಆ ಇನ್ನೊಂದು ಬ್ರೇಕಿನ ಕಡೆಗೆ. ಅಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ ಇತ್ತು. ಮೇಷ್ಟ್ರು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಾಗಿಲ ಹಿಡಿಯನ್ನು ಮಾತ್ರ ಬಲವಾಗಿ ಹಿಡಿದುಕೊಂಡಿದ್ದರು, ಹಣೆಯಲ್ಲಿ ಬೆವರಿತ್ತು.

"ಮುಂದೆ ನೋಡಿ," ಎಂದರು ಮೆಲ್ಲಗೆ.

ಆಕೆ ಮುಂದೆ ನೋಡಿದಳು, ಕಾರು ದೊಡ್ಡ ಸರ್ಕಲ್ಲಿನ ಕಡೆಗೆ ಹೊರಟಿತು.